ಸೂಗಮ್ಮನ ಹಿತ್ತಲ ನೀಲಿ ನೀರು

ಶಹಾಪುರದ ಸೂಗಮ್ಮನ ಬದುಕಿನಲ್ಲಿ ಪ್ರವಾಹ, ಭೂಕಂಪ ಅಂತ ಹೇಳಿಕೊಳ್ಳುವಂಥ ಆಪತ್ತು ಯಾವುದೂ ಬಂದಿರಲಿಲ್ಲ. ಶಾಂತಪ್ಪ ಬಂದಿದ್ದ. ಅಷ್ಟು ಸಾಕಾಗಿತ್ತು.

ಗಂಡ ಕೆಟ್ಟವನೇನಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ. ದೋರನಹಳ್ಳಿ ರಸ್ತೆಯಲ್ಲಿ ಅಪ್ಪ ಬಿಟ್ಟುಹೋದ ತೊಗರಿಬೇಳೆ ಮಿಲ್ಲು ತನ್ನಷ್ಟಕ್ಕೆ ತಾನೇ ನಡೆಯುತ್ತಿತ್ತು. ತನ್ನಷ್ಟಕ್ಕೆ ನಡೆಯುವ ಮಿಲ್ಲಿನ ಮಾಲೀಕನಿಗೆ ಹೊತ್ತು ಕಳೆಯುವುದೇ ದೊಡ್ಡ ದುಡಿಮೆ. ಹೀಗಾಗಿ ಅವನಿಗೆ ಆಗಾಗ ಒಂದು ಹುಕಿ ಬರುತ್ತಿತ್ತು. ಎಲ್ಲರೂ ಇಮು ಹಕ್ಕಿ ಸಾಕುತ್ತಿದ್ದ ಕಾಲದಲ್ಲಿ ಅವನೂ ಒಂದು ಹಿಂಡು ಇಮು ತಂದ. ಮಳೆಗಾಲ ಮುಗಿಯುವುದರೊಳಗೆ ಹುಕಿ ಇಳಿಯಿತು. ಹಕ್ಕಿಗಳು ಮಾತ್ರ ಬೆಳೆಯುತ್ತಲೇ ಹೋದವು. ಆಳೆತ್ತರದ ಆ ಜೀವಗಳಿಗೆ ಕಾಳು ಹಾಕಿ, ಒದೆಸಿಕೊಂಡು, ಸತ್ತಾಗ ಮಣ್ಣು ಮಾಡಿಸಿದವಳು ಸೂಗಮ್ಮ. ಆಮೇಲೆ ಅಣಬೆ ಬಂತು, ಐಸ್‌ಕ್ರೀಮಿನ ಯಂತ್ರ ಬಂತು, ಒಂದು ಮುದಿ ಕುದುರೆಯೂ ಬಂತು. ತರುವುದು ಅವನದು, ಬಾಳಿಸುವುದು ಇವಳದು. ಇಂಥ ಕರಾರು ಲಗ್ನದ ಹೊತ್ತಿನಲ್ಲಿ ಯಾರೂ ಓದಿ ಹೇಳಿರಲಿಲ್ಲ. ಹೇಳಿದ್ದರೆ ಸೂಗಮ್ಮ ಅಕ್ಕಿಕಾಳು ಬೀಳುವ ಮೊದಲೇ ಎದ್ದು ಹೋಗುತ್ತಿದ್ದಳೇನೋ.

ಹೈದರಾಬಾದಿನ ಹತ್ತಿರ ಒಂದು ರೆಸಾರ್ಟಿನಲ್ಲಿ ನಡೆದ ಬೀಗರ ಮದುವೆಗೆ ಹೋಗಿ ಬಂದ ಶಾಂತಪ್ಪ ಊಟಕ್ಕೆ ಕೂತವನೇ ಹೇಳಿದ:

“ನಮ್ಮ ಹಿತ್ತಲದಾಗ ಸ್ವಿಮ್ಮಿಂಗ್ ಪೂಲ್ ಮಾಡಸಾಕತ್ತೇನಿ.”

ಸೂಗಮ್ಮ ರೊಟ್ಟಿ ಹಾಕುವುದನ್ನು ನಿಲ್ಲಿಸಲಿಲ್ಲ. “ನಿಮಗ ಈಜಾಕ ಬರ್ತದೇನ್ರಿ?”

“ಇಲ್ಲ.”

“ನನಗೂ ಬರೂದಿಲ್ಲ. ಮತ್ತ ಈಜವ್ರು ಯಾರು?”

“ಈಜೂದು ಬ್ಯಾರೆ ಮಾತು. ಶಹಾಪುರದಾಗ ಯಾರ ಮನ್ಯಾಗ ಅದ ಹೇಳು, ಪೂಲು?”

ಕರಿಬೇವಿನ ಗಿಡ, ಲಿಂಬಿ ಗಿಡ, ಸೂಗಮ್ಮ ಹಪ್ಪಳ ಒಣಗಿಸುತ್ತಿದ್ದ ಕಲ್ಲುಹಾಸು ಎಲ್ಲವೂ ಜೆಸಿಬಿಯ ಬಾಯಿಗೆ ಹೋದವು. ಹಳೆಯ ಬೇವಿನ ಮರವೊಂದು ಉಳಿಯಿತು. ಅದಕ್ಕೆ ಕಾರಣ ಪ್ರೀತಿಯಲ್ಲ. ಅದರ ಬೇರು ಪಕ್ಕದ ಮನೆಯ ಗೋಡೆಯ ಕೆಳಗೆ ಹೋಗಿತ್ತು.

ಕಲಬುರಗಿಯಿಂದ ಮುನಾವರ ಎಂಬ ಮೇಸ್ತ್ರಿ ಬಂದು ಮೋಟಾರು, ಉಸುಕಿನ ಫಿಲ್ಟರು, ಪೈಪು ಎಲ್ಲ ಜೋಡಿಸಿ ಕೊಟ್ಟ. ಕೊಡುವಾಗ ನೀರನ್ನು ದಿನಾ ಹೇಗೆ ನೋಡಿಕೊಳ್ಳಬೇಕು ಎಂದು ಶಾಂತಪ್ಪನಿಗೆ ಸವಿಸ್ತಾರವಾಗಿ ಹೇಳಿದ. ಶಾಂತಪ್ಪ ಅಷ್ಟೂ ಹೊತ್ತು ಫೋನಿನಲ್ಲಿ ಸುರಪುರದ ಷಡ್ಡಕನಿಗೆ ಪೂಲಿನ ಉದ್ದಗಲ ವಿವರಿಸುತ್ತ, ನಡುನಡುವೆ ಮುನಾವರನತ್ತ ತಿರುಗಿ ತಲೆಯಾಡಿಸಿದ. ಆ ತಲೆಯಾಟಕ್ಕೆ ತರಬೇತಿ ಎಂದು ಹೆಸರಾಯಿತು.

ಯುಗಾದಿಗೆ ಉದ್ಘಾಟನೆ. ಮಠದ ಅಯ್ಯನವರು ಬಂದರು. ಗಂಗಾಪೂಜೆಯೆಂದು ಹಾಲು, ಅರಿಷಿಣ, ಕುಂಕುಮ, ಒಂದು ಬುಟ್ಟಿ ಚೆಂಡು ಹೂವು, ಪತ್ರಿ ಎಲ್ಲವೂ ನೀರಿಗೆ ಬಿದ್ದವು. ಗಂಗೆ ಸಂತೃಪ್ತಳಾದಳೋ ಇಲ್ಲವೋ, ಮರುದಿನ ನೀರು ಮಜ್ಜಿಗೆಯಾಗಿತ್ತು.

ಅಲ್ಲಿಂದ ಊರಿನ ಬುದ್ಧಿವಂತಿಕೆಗೆ ಹಬ್ಬ. ಪೂಲು ನೋಡಲು ಬಂದವರು ಚಹಾ ಕುಡಿದು, ಒಂದೊಂದು ಉಪಾಯ ಹೇಳಿ ಹೋದರು. ಒಬ್ಬರು ಬೇವಿನ ಸೊಪ್ಪು ಹಾಕಿಸೆಂದರು. ಇನ್ನೊಬ್ಬರು ತಾಮ್ರದ ಹಂಡೆ ಮುಳುಗಿಸಿಡು ಎಂದರು. ಮೀನು ಬಿಟ್ಟರೆ ಹೊಲಸೆಲ್ಲ ತಿನ್ನುತ್ತವೆ ಎಂದವರೂ ಇದ್ದರು. ತಿಂದ ಮೇಲೆ ಮೀನು ತಾವೇನು ಮಾಡುತ್ತವೆಂಬುದು ಅವರಿಗೆ ಹೊಳೆದಂತಿರಲಿಲ್ಲ. ಶಾಂತಪ್ಪ ದೊಡ್ಡ ಮನಸ್ಸಿನವನು, ಯಾರ ಮಾತನ್ನೂ ತೆಗೆದುಹಾಕುವವನಲ್ಲ. ಸೊಪ್ಪು ಹಾಕಿದ, ಹಂಡೆ ಮುಳುಗಿಸಿದ, ಮೀನು ಬಿಟ್ಟ. ಮೊದಲ ಮಳೆ ಬೀಳುವ ಹೊತ್ತಿಗೆ ನೀರು ಹಸಿರಾಗಿ, ಮೆಟ್ಟಿಲ ಮೇಲೆ ಪಾಚಿ ಹಾಸಿತು. ಆಗ ಸಿಟ್ಟಿಗೆದ್ದವನೇ ಬ್ಲೀಚಿಂಗ್ ಪುಡಿಯ ಇಡೀ ಚೀಲ ಸುರಿದ. ಬೋರಿನ ನೀರಿನಲ್ಲಿ ಕಬ್ಬಿಣದ ಅಂಶ ಬಹಳ. ಪುಡಿ ಬಿದ್ದದ್ದೇ ತಡ, ಹಸಿರು ಹೋಗಿ ಇಡೀ ಕೊಳ ಖಡಕ್ ಚಹಾದ ಬಣ್ಣಕ್ಕೆ ತಿರುಗಿತು. ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲಿದವು.

“ಇದು ಮಿನರಲ್ ವಾಟರ್ ಇದ್ದಂಗ,” ಎಂದು ಶಾಂತಪ್ಪ ಒಂದೆರಡು ದಿನ ನೋಡಲು ಬಂದವರಿಗೆ ಹೇಳಿದ. ಆಮೇಲೆ ಹೇಳುವುದನ್ನು ಬಿಟ್ಟ. ಆಮೇಲೆ ಹಿತ್ತಲ ಬಾಗಿಲು ಹಾಕಿಸಿ, ಹೊಲಕ್ಕೆ ಕೀಟನಾಶಕದ ಎಣ್ಣೆ ಹೊಡೆಯುವ ಡ್ರೋನಿನ ಬಗ್ಗೆ ಮೊಬೈಲಿನಲ್ಲಿ ನೋಡತೊಡಗಿದ.

ಶ್ರಾವಣದ ಒಂದು ಬೆಳಿಗ್ಗೆ ಆಶಾ ಕಾರ್ಯಕರ್ತೆ ಅನುರಾಧಾ ಬಂದಳು. ಓಣಿಯಲ್ಲಿ ಮನೆಮನೆಗೂ ಜ್ವರ. ಡೆಂಗಿಯೆಂದು ಗೊತ್ತಾಗಿ, ಸೊಳ್ಳೆಯ ಮರಿ ಎಲ್ಲಿವೆಯೆಂದು ಹುಡುಕಿಕೊಂಡು ಗುಲಾಬಿ ಸೀರೆಯಲ್ಲಿ ತಿರುಗುತ್ತಿದ್ದಳು. ಊರಿನ ಇನ್ನೊಂದು ತುದಿಯ ದಲಿತರ ಓಣಿಯವಳು. ಮನೆಯಲ್ಲಿ ಬುದ್ಧನ ಪಟ ಇಟ್ಟುಕೊಂಡವಳು. ಹಿಂದೆ ಪೋಲಿಯೊ ಹನಿಗೆ, ಗಣತಿಗೆ ಎಂದು ಬಂದಾಗಲೆಲ್ಲ ಸೂಗಮ್ಮ ಅವಳಿಗೆ ಪಡಸಾಲೆಯಲ್ಲೇ ಕುರ್ಚಿ ಹಾಕಿ, ಕಾಗದದ ಕಪ್ಪಿನಲ್ಲಿ ಚಹಾ ಕೊಡುತ್ತಿದ್ದಳು. ಕಾಗದದ ಕಪ್ಪು ಬಂದಮೇಲೆ ಇಂಥ ಮನೆಗಳಿಗೆ ಭಾರಿ ಅನುಕೂಲವಾಗಿತ್ತು. ಯಾರಿಗೆ ಯಾವ ಲೋಟ ಎಂಬ ಮುಜುಗರವಿಲ್ಲ, ಮೇಲೆ ಸ್ವಚ್ಛತೆಯ ಹೆಸರೂ ಸಿಗುತ್ತದೆ. ಅನುರಾಧಾಗೆ ಅದೆಲ್ಲ ತಿಳಿಯದ್ದೇನಲ್ಲ. ಚಹಾ ಮಾತ್ರ ಚೆನ್ನಾಗಿರುತ್ತಿದ್ದರಿಂದ ಕುಡಿಯುತ್ತಿದ್ದಳು.

ಅವಳು ಹಿತ್ತಲ ಬಾಗಿಲು ತೆಗೆಸಿ, ಒಂದು ಸೌಟು ನೀರನ್ನು ಬಿಳಿ ತಟ್ಟೆಗೆ ಹಾಕಿದಳು.

“ಅಕ್ಕೋರೆ, ಬರ್ರಿಲ್ಲಿ. ಓಣಿ ತುಂಬ ಗಟಾರ ಹುಡುಕಾಕತ್ತಿದ್ದೆ ನಾನು. ಸೊಳ್ಳಿ ತವರುಮನಿ ಇಲ್ಲೇ ಅದ ನೋಡ್ರಿ.”

ತಟ್ಟೆಯಲ್ಲಿ ಕೂದಲೆಳೆಯಂಥ ಮರಿಗಳು ಬಳುಕುತ್ತಿದ್ದವು. ಸೂಗಮ್ಮನ ಮುಖ ಕಪ್ಪಿಟ್ಟಿತು. ಬೀಗರ ಕಡೆಯ ಹೆಂಗಸರು ಅವಳ ಹಿತ್ತಾಳೆ ಕೊಡಗಳಲ್ಲಿ ಮುಖ ನೋಡಿ ತಲೆ ಬಾಚಿಕೊಳ್ಳುತ್ತಾರೆ ಎಂದು ಊರೇ ಹೇಳುತ್ತಿತ್ತು, ಅಷ್ಟು ಹೊಳಪು. ಒಲೆಯ ಕಟ್ಟೆಯ ಮೇಲೆ ಇರುವೆ ಕಂಡರೆ ಊಟ ಬಿಡುವ ಹೆಂಗಸು ಅವಳು. ಅಂಥವಳ ಮನೆಯಲ್ಲಿ ಹೊಲಸಿದೆಯೆಂದು ತೋರಿಸಿದವಳು ಯಾರು? ತಾನು ಒಳಗೆ ಬಿಟ್ಟುಕೊಳ್ಳದ ಹೆಂಗಸು. ಯಾವುದು ಹೆಚ್ಚು ಚುಚ್ಚಿತೋ ಸೂಗಮ್ಮನಿಗೇ ಬಗೆಹರಿಯಲಿಲ್ಲ.

“ನಮ್ಮನಿಯವ್ರಿಗೆ ಹೇಳ್ತೀನಿ,” ಎಂದಳು.

“ಸಾವ್ಕಾರ್ರಿಗೆ ಹೇಳೂದು ಬ್ಯಾರೆ, ಆಗೂದು ಬ್ಯಾರೆ. ನೀರು ಖಾಲಿ ಮಾಡ್ರಿ, ಇಲ್ಲಾ ನೀರು ಛಲೋ ಇಟ್ಕೋರಿ. ನಾ ಮುಂದಿನ ವಾರ ಬರ್ತೀನಿ,” ಎಂದು ಅನುರಾಧಾ ತಟ್ಟೆಯ ನೀರನ್ನು ಬಿಸಿಲಿದ್ದ ಕಲ್ಲಿನ ಮೇಲೆ ಚೆಲ್ಲಿ ಹೋದಳು.

ಅವತ್ತೇ ಸೂಗಮ್ಮ ಮುನಾವರನಿಗೆ ಫೋನು ಮಾಡಿದಳು. “ಏನಪಾ ಮುನಾವರ, ಅವತ್ತು ಸಾವ್ಕಾರಗ ಹೇಳಿದ್ದಿಯಲ್ಲ, ಅದನ್ನೆಲ್ಲ ನನಗ ಹೇಳು.”

“ಅಮ್ಮಾ, ನಾ ಹೇಳೇನ್ರಿ. ಅವ್ರು ಕೇಳ್ಯಾರೋ ಇಲ್ಲೋ ಅಲ್ಲಾಗ ಗೊತ್ತು,” ಎಂದ ಮುನಾವರ.

ಕೊಳ ಖಾಲಿಯಾಯಿತು. ಖಾಲಿ ಮಾಡುವುದೆಂದರೆ ಏನೆಂದು ಸೂಗಮ್ಮನಿಗೆ ಅಂದು ತಿಳಿಯಿತು. ತಳದಲ್ಲಿ ಮೊಣಕಾಲುದ್ದ ಕೊಳೆತ ಸೊಪ್ಪು, ಚೆಂಡು ಹೂವಿನ ರಾಡಿ, ಅದರೊಳಗೆ ಮಠದಿಂದ ಬಂದ ತೆಂಗಿನಕಾಯಿ. ಇಬ್ಬರು ಆಳು ಹೆಂಗಸರ ಜೊತೆ ತಾನೂ ಸೀರೆ ಎತ್ತಿಕಟ್ಟಿ ಇಳಿದು ಉಜ್ಜಿದಳು. ಬೋರಿನ ನೀರು ಬೇಡವೆಂದು ಟ್ಯಾಂಕರಿನಲ್ಲಿ ಕಾಲುವೆ ನೀರು ತರಿಸಿದಳು. ಅಲ್ಲಿಂದ ಮುಂದೆ ಅವಳ ಬೆಳಗು ನೀರಿನಿಂದಲೇ ಶುರು. ಮೊದಲು ಕೋಲಿಗೆ ಕಟ್ಟಿದ ಬಲೆಯ ಜಾಲಿ ಹಿಡಿದು ಬೇವಿನ ಎಲೆ ತೆಗೆಯುವುದು, ಗೋಡೆಗೆ ಬ್ರಶ್ ಹೊಡೆಯುವುದು, ತಳದ ಧೂಳನ್ನು ಪೈಪಿನಿಂದ ಎಳೆಸುವುದು. ಫಿಲ್ಟರಿನ ಒತ್ತಡದ ಮುಳ್ಳು ಮೇಲೇರಿದರೆ ಅದರ ಉಸುಕಿಗೆ ಹಿಮ್ಮುಖವಾಗಿ ನೀರು ಬಿಟ್ಟು ಹೊಟ್ಟೆ ತೊಳೆಯುವುದು. ಸಣ್ಣ ಗಾಜಿನ ನಳಿಗೆಯಲ್ಲಿ ಕೊಳದ ನೀರು ಹಿಡಿದು, ಹನಿ ಔಷಧ ಹಾಕಿ ಬಣ್ಣ ನೋಡುವುದು. ಸಾರಿನ ಉಪ್ಪು ನೋಡಿದಷ್ಟೇ ಸಲೀಸಾಗಿ ಅವಳು ನೀರಿನ ಹುಳಿ ನೋಡತೊಡಗಿದಳು. ಕ್ಲೋರಿನ್ ಹಾಕುವುದು ಹೊತ್ತು ಮುಳುಗಿದ ಮೇಲೆಯೇ, ಹಗಲು ಹಾಕಿದರೆ ಶಹಾಪುರದ ಬಿಸಿಲು ಅದನ್ನೂ ಕುಡಿದುಬಿಡುತ್ತದೆ.

ಹೇಳಿದಂತೆ ಬಂದ ಅನುರಾಧಾ ತಟ್ಟೆಗೆ ನೀರು ಹಾಕಿ ನೋಡಿದಳು. ಏನೂ ಇಲ್ಲ. ಸೂಗಮ್ಮ ಪರೀಕ್ಷೆ ಬರೆದ ಹುಡುಗಿಯಂತೆ ಎದುರು ನಿಂತಿದ್ದಳು.

“ಪಾಸಾದ್ರಿ ಅಕ್ಕೋರೆ,” ಎಂದು ಅನುರಾಧಾ ನಕ್ಕಳು. ಆಮೇಲೆ ಬಂದಾಗಲೆಲ್ಲ ಇಬ್ಬರ ಮಾತು ನೀರಿನದೇ. ಮನೆಯಲ್ಲಿ ಗಂಡನ ಮುಂದೆ ಫಿಲ್ಟರಿನ ಮಾತೆತ್ತಿದರೆ ಅವನು ಟಿ.ವಿ. ಧ್ವನಿ ಹೆಚ್ಚಿಸುತ್ತಿದ್ದ. ಅನುರಾಧಾ ಕೇಳುತ್ತಿದ್ದಳು, ಕೇಳಿ ತಿರುಗಿ ಪ್ರಶ್ನೆಯನ್ನೂ ಹಾಕುತ್ತಿದ್ದಳು.

ಮಾಘದ ಹೊತ್ತಿಗೆ ನೀರು ಆಕಾಶವನ್ನು ತುಂಡು ಮಾಡಿ ಹಾಸಿದಂತೆ ನೀಲಿಯಾಯಿತು. ಶಾಂತಪ್ಪನ ಹುಕಿ ಮರುಜೀವ ಪಡೆಯಿತು. ಕಷ್ಟದ ದಿನಗಳಲ್ಲಿ ಹಿತ್ತಲಿಗೆ ಕಾಲಿಡದವನು ಈಗ “ನಮ್ಮ ಪೂಲ್ ಮೇಂಟೇನ್ ಮಾಡೂದು ಭಾಳ ಸೂಕ್ಷ್ಮ ಕೆಲಸ ನೋಡ್ರಿ” ಎಂದು ಕಾಳುಕಡಿಯ ಅಡತಿ ಅಂಗಡಿಗಳಲ್ಲಿ ಉಪನ್ಯಾಸ ಕೊಟ್ಟುಕೊಂಡು ಬಂದ. ವರ್ತಕರ ಸಂಘದ ಅಧ್ಯಕ್ಷ ಹಂಪಣ್ಣನವರನ್ನು ಈಜಲು ಆಹ್ವಾನಿಸಿಯೂ ಬಂದ.

ಹಂಪಣ್ಣ ಭಾನುವಾರ ಬಂದರು. ಮನೆಯಲ್ಲಿ ಎಣ್ಣೆ ತಿಕ್ಕಿಸಿಕೊಂಡು, ಹಣೆ ತೋಳಿಗೆ ವಿಭೂತಿ ಬಳಿದುಕೊಂಡು, ಟವಲು ಸುತ್ತಿ, ಕಾರಿನಿಂದ ಇಳಿದವರೇ ನೇರ ಮೆಟ್ಟಿಲಿನತ್ತ ನಡೆದರು. ಮೈ ಬಿಸಿಲಿಗೆ ಬೋಂಡಾದಂತೆ ಮಿನುಗುತ್ತಿತ್ತು. ಸೂಗಮ್ಮ ಜಾಲಿಯ ಉದ್ದ ಕೋಲನ್ನು ಅಡ್ಡ ಹಿಡಿದಳು.

“ಅಣ್ಣಾರ, ಮೊದಲು ಅಲ್ಲಿ ಸಾಬೂನು ಹಚ್ಚಿ ಜಳಕ ಮಾಡಿ ಬರ್ರಿ.”

ಅಧ್ಯಕ್ಷರಿಗೆ ತಮ್ಮ ಕಿವಿಯೇ ತಪ್ಪು ಕೇಳಿಸಿಕೊಂಡಿತೇನೋ ಎನಿಸಿತು. “ನಾ ಜಳಕ ಮಾಡಾಕ ಬಂದೀನವ್ವ.”

“ಇದು ಜಳಕದ ನೀರಲ್ರಿ. ಜಳಕ ಆದವ್ರು ಇಳಿಯೂ ನೀರು. ಮೈ ಎಣ್ಣಿ, ಬೆವರು ಬಿದ್ರ ಔಷಧಿ ಎಲ್ಲ ಅದಕ್ಕ ಖರ್ಚಾಗ್ತದ. ಆಮ್ಯಾಲ ನಿಮಗ ಕಣ್ಣುರಿ.”

“ಏ ಸೂಗಿ!” ಎಂದ ಶಾಂತಪ್ಪ. “ಅಧ್ಯಕ್ಷರದಾರ!”

“ಎಣ್ಣಿಗೆ ಗೊತ್ತಾಗೂದಿಲ್ರಿ ಅದು.”

ಹಂಪಣ್ಣ ಟವಲು ಬಿಗಿ ಮಾಡಿಕೊಂಡು ಕಾರು ಹತ್ತಿದರು. ಶಾಂತಪ್ಪ ಎಂಟು ದಿನ ಹೆಂಡತಿಯೊಡನೆ ಮಾತು ಬಿಟ್ಟ. ಇಷ್ಟು ವರ್ಷದ ಸಂಸಾರದಲ್ಲಿ ಅವನು ಕೊಟ್ಟ ಅತ್ಯಂತ ಉಪಯುಕ್ತ ಉಡುಗೊರೆ ಅದು.

ಸುದ್ದಿ ಊರಲ್ಲಿ ತಿರುಗುಮುರುಗಾಗಿ ಓಡಿತು. ಅಧ್ಯಕ್ಷರನ್ನೇ ಇಳಿಸದ ನೀರೆಂದರೆ ಅದೆಂಥ ನೀರಿರಬೇಕು! ಕೆಲವೇ ದಿನದಲ್ಲಿ ಅಧ್ಯಕ್ಷರ ಹೆಂಡತಿ ಶಿವಲೀಲಾ ತಲೆಗೆ ಸೀಗೆಕಾಯಿ ಹಾಕಿ ತೊಳೆದುಕೊಂಡು, ಹೇಳಿಸಿಕೊಳ್ಳದೆ ಬಂದು ನಿಂತಳು. ಗಂಡನಿಗೆ ಸಿಗದ್ದು ತನಗೆ ಸಿಗುವುದರಲ್ಲಿ ಒಂದು ಸುಖವಿದೆ, ಶಿವಲೀಲಾ ಅದನ್ನು ಮುಚ್ಚಿಡಲೂ ಇಲ್ಲ. ಅವಳ ಹಿಂದೆ ಅಡತಿ ಮನೆಗಳ, ಬಟ್ಟೆ ಅಂಗಡಿಗಳ ಹೆಂಗಸರೆಲ್ಲ ಬಂದರು. ಮಧ್ಯಾಹ್ನ ಗಂಡಸರು ಮಲಗಿದ ಹೊತ್ತು ಅವರದಾಯಿತು. ಯಾರಿಗೂ ಈಜು ಬಾರದು. ಕಂಬಿ ಹಿಡಿದು, ಎದೆಮಟ್ಟ ನೀರಿನಲ್ಲಿ ನಿಂತು, ಸೊಸೆಯರ ಬಗ್ಗೆ ಮಾತಾಡುವುದು. ಸೂಗಮ್ಮ ದಡದಲ್ಲಿ ನಿಂತು, ನೂಲು ಬಿಡುವ ನೈಟಿ ಹಾಕಿದವರನ್ನೂ ಮಲ್ಲಿಗೆ ಮುಡಿದವರನ್ನೂ ಹಿಂದಕ್ಕೆ ಕಳಿಸುತ್ತಿದ್ದಳು.

ಅಂಥದ್ದೊಂದು ಮಧ್ಯಾಹ್ನ ಅನುರಾಧಾ ಸೊಳ್ಳೆ ತನಿಖೆಗೆ ಬಂದವಳು ಹಿತ್ತಲ ಬಾಗಿಲಿನ ಮೆಟ್ಟಿಲಿಳಿಯುವಾಗ ಮೊಣಕಾಲು ಹಿಡಿದು “ಯವ್ವಾ” ಎಂದಳು. ಓಣಿ ಓಣಿ ಸುತ್ತಿ ಮೊಣಕಾಲು ಸವೆದಿವೆ, ನೀರಿನಲ್ಲಿ ನಡೆದರೆ ಒಳ್ಳೆಯದೆಂದು ದೊಡ್ಡ ದವಾಖಾನೆಯಲ್ಲಿ ಹೇಳಿದ್ದಾರೆ, ಹೇಳುವವರಿಗೇನು ಎಂದು ನಕ್ಕಳು.

“ಮತ್ತ ಇಲ್ಲೇ ಇಳೀರಲ್ಲ,” ಎಂದುಬಿಟ್ಟಳು ಸೂಗಮ್ಮ. ಅಂದಮೇಲೆ ತಾನು ಏನಂದೆ ಎಂದು ಅವಳಿಗೇ ಹೊಳೆಯಿತು. ಬಾಯಿ ಮಾತಾಡಿ ಆಗಿತ್ತು, ಅಡ್ಡಹಾಕಲು ತಲೆ ತಡವಾಗಿ ಬಂತು.

ಅನುರಾಧಾ ಅವಳನ್ನೇ ನೋಡಿದಳು. “ನಾನೇನ್ರಿ? ವಿಚಾರ ಮಾಡಿ ಹೇಳ್ರಿ ಅಕ್ಕೋರೆ. ನಾ ಇಳದ ಮ್ಯಾಲ ನೀವು ಹಿಂದ ಸರದ್ರ, ನನಗ ಮೊಣಕಾಲ ನೋವಕಿಂತ ಅದು ಜಾಸ್ತಿ ಆಗ್ತದ.”

ಸೂಗಮ್ಮ ನಿಜವಾಗಿಯೂ ವಿಚಾರ ಮಾಡಿದಳು. ನೀರಿನ ಎಲ್ಲ ಕಾಯಿದೆಯೂ ಅವಳಿಗೆ ಬಾಯಿಪಾಠ. ಎಣ್ಣೆ ಬೇಡ, ಬೆವರು ಬೇಡ, ಹೂವು ಬೇಡ, ನೆಗಡಿ ಗಾಯವಿದ್ದವರು ಬೇಡ. ಯಾವ ಕಾಯಿದೆಯ ಅಡಿಯಲ್ಲಿ ಈ ಹೆಂಗಸನ್ನು ತಡೆಯಬಹುದೆಂದು ಹುಡುಕಿದಳು. ಸಿಗಲಿಲ್ಲ. “ಜಳಕ ಮಾಡಿ ಬರ್ರಿ,” ಎಂದಳು. “ಹಿಂದ ಸರ್ಯಾಕ ನಾ ಏನು ನಮ್ಮನಿಯವ್ರೇನು?”

ಮರುದಿನ ಅನುರಾಧಾ ಮೈತೊಳೆದು, ಮೈಗಂಟುವ ಚೂಡಿದಾರ ಹಾಕಿಕೊಂಡು ಇಳಿದಳು. ದಿನವಿಡೀ ಓಣಿಯಲ್ಲಿ ನಡೆದವಳು ನೀರಿನಲ್ಲೂ ಈ ಗೋಡೆಯಿಂದ ಆ ಗೋಡೆಗೆ ಸುಮ್ಮನೆ ನಡೆದಳು. ಕಂಬಿ ಹಿಡಿದಿದ್ದ ಹೆಂಗಸರು ಸೊಸೆಯರ ಸುದ್ದಿಯನ್ನು ಅರ್ಧಕ್ಕೇ ಬಿಟ್ಟರು. ಒಬ್ಬೊಬ್ಬರಾಗಿ ದಡ ಹತ್ತಿದರು. ಒಬ್ಬಳಿಗೆ ತಲೆನೋವು, ಒಬ್ಬಳಿಗೆ ಹಾಲು ಒಲೆಯ ಮೇಲಿದ್ದದ್ದು ನೆನಪಾಯಿತು. ಶಿವಲೀಲಾ ಸೂಗಮ್ಮನನ್ನು ಬೇವಿನ ಮರದ ಹತ್ತಿರ ಕರೆದಳು.

“ಇಂಥವ್ರೂ ಇಳೀತಾರಂತ ಮೊದಲ ಹೇಳಬೇಕಿಲ್ಲೇನು?”

“ಎಂಥವ್ರು?”

“ಗೊತ್ತಿಲ್ಲದಂಗ ಕೇಳಬ್ಯಾಡ.”

“ಜಳಕ ಮಾಡಿದವ್ರು ಇಳೀತಾರ ಶಿವಲೀಲಾ. ಆಕಿ ಮಾಡ್ಯಾಳ. ನಿಮ್ಮನಿಯವ್ರು ಮಾಡಿದ್ದಿಲ್ಲ.”

ಶಿವಲೀಲಾ ಒದ್ದೆ ಸೆರಗು ಹಿಂಡಿ, “ನೀರು ಬದಲಿ ಮಾಡಿದ ಮ್ಯಾಲ ಹೇಳಿ ಕಳಸು,” ಎಂದು ಹೊರಟಳು.

ಅನುರಾಧಾಗೆ ಎಲ್ಲವೂ ಕೇಳಿಸಿತ್ತು. ಅವಳು ನಡಿಗೆ ನಿಲ್ಲಿಸಲಿಲ್ಲ. ಎದುರು ಗೋಡೆ ಮುಟ್ಟಿ, ತಿರುಗಿ, ಮತ್ತೆ ನಡೆದಳು.

ರಾತ್ರಿ ಊಟದ ಹೊತ್ತಿಗೆ ಸುದ್ದಿ ಶಾಂತಪ್ಪನಿಗೂ ಮುಟ್ಟಿತ್ತು. ಅವನು ರಾಜಿ ಸೂತ್ರದೊಂದಿಗೆ ಬಂದ. “ಏನೂ ಹೇಳಬ್ಯಾಡ ಯಾರಿಗೂ. ಮಠದಿಂದ ತೀರ್ಥ ತಂದು ನಾಕು ಹನಿ ಹಾಕಿಬಿಡೂಣು. ಎಲ್ಲಾ ಸರಿಹೋಗ್ತದ.”

“ತರ್ರಿ,” ಎಂದಳು ಸೂಗಮ್ಮ. “ಹಾಲು, ಅರಿಷಿಣ, ಹೂವು, ಕಾಯಿ ಏನೇನು ಬೇಕು ಎಲ್ಲಾ ತರ್ರಿ. ನಾಳೆಯಿಂದ ಜಾಲಿ ನೀವ ಹಿಡೀರಿ. ತಳ ನೀವ ಉಜ್ರಿ. ಔಷಧಿ ನೀವ ನೋಡ್ರಿ. ನಾ ದಂಡ್ಯಾಗ ಕುಂತು ಊರಮಂದಿಗೆ ಉಪಾಯ ಹೇಳ್ತೀನಿ.”

ಶಾಂತಪ್ಪ ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ತೀರ್ಥದ ಪ್ರಸ್ತಾಪ ಅಲ್ಲಿಗೇ ಮುಗಿಯಿತು.

ಒಂದಷ್ಟು ದಿನ ಮಧ್ಯಾಹ್ನಗಳು ಖಾಲಿ ಹೋದವು. ಸೂಗಮ್ಮನಿಗೆ ಬೇಸರವಾಗಲಿಲ್ಲ ಎಂದರೆ ಸುಳ್ಳು. ಬಟ್ಟೆ ಅಂಗಡಿಯ ಹೆಂಗಸರು ಸಂತೆಯಲ್ಲಿ ಮುಖ ತಿರುಗಿಸಿದರು. ಒಮ್ಮೆಯಂತೂ, ನಾಳೆಯಿಂದ ಬರಬೇಡವೆಂದು ಅನುರಾಧಾಗೆ ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಮಾತು ಜೋಡಿಸಿದಳು ಕೂಡ. ಆದರೆ ಮರುದಿನ ನಳಿಗೆ ಹಿಡಿದು ನೋಡಿದರೆ ನೀರು ಹಿಂದೆಂದಿಗಿಂತ ತಿಳಿಯಾಗಿತ್ತು. ಸಭ್ಯ ಮನೆತನದವರೆಲ್ಲ ಬಿಟ್ಟುಹೋದ ಮೇಲೆ ಔಷಧಿಯ ಖರ್ಚೇ ಅರ್ಧಕ್ಕಿಳಿದಿತ್ತು. ಜೋಡಿಸಿಟ್ಟ ಮಾತು ಅಲ್ಲೇ ಉಳಿಯಿತು.

ಆಮೇಲೆ ಬೇಸಿಗೆ ಬಂತು. ಸಿದ್ಧಾಂತಗಳು ಚಳಿಗಾಲದಲ್ಲಿ ಗಟ್ಟಿಯಾಗಿರುತ್ತವೆ. ವೈಶಾಖದ ಬಿಸಿಲಿಗೆ ಶಹಾಪುರದ ಗುಡ್ಡವೇ ಕಾದ ಹಂಚಾಗಿ, ಕರೆಂಟು ಹೋಗಿ, ಕೂಲರು ನಿಂತು, ಅಡತಿ ಮನೆಗಳ ಸಿದ್ಧಾಂತ ಕರಗತೊಡಗಿತು. ಮೊದಲು ಬಂದವಳು ಹಾಲು ಒಲೆಯ ಮೇಲಿಟ್ಟಿದ್ದ ಹೆಂಗಸು. “ಈಗ ಯಾರೂ ಇಲ್ಲಲ್ಲ?” ಎಂದು ಬಾಗಿಲಲ್ಲಿ ಕೇಳಿದಳು. “ಅನುರಾಧಾ ಅದಾಳ,” ಎಂದಳು ಸೂಗಮ್ಮ. ಆ ಹೆಂಗಸು ಒಂದು ಗಳಿಗೆ ನಿಂತಳು, ಬೆವರು ಒರೆಸಿಕೊಂಡಳು, ಒಳಗೆ ಬಂದಳು. ಹೀಗೇ ಇನ್ನೊಬ್ಬರು, ಮತ್ತೊಬ್ಬರು. ಅನುರಾಧಾ ಇರುವ ಹೊತ್ತು ತಪ್ಪಿಸಿ ಬರುವವರು ಕೆಲವರು, ಕಂಬಿಯ ಆಚೆ ತುದಿ ಹಿಡಿದು ನಿಲ್ಲುವವರು ಕೆಲವರು. ಬಿಸಿಲು ಏರಿದಂತೆ ಆಚೆ ತುದಿಯಲ್ಲಿ ಜಾಗ ಸಾಲದೆ ಈಚೆಗೂ ಬಂದರು. ಯಾರೂ ಮನಸ್ಸು ಬದಲಿಸಿಕೊಂಡೆವೆಂದು ಹೇಳಲಿಲ್ಲ. ಅಂಥ ಮಾತನ್ನು ಸೂಗಮ್ಮನೂ ಕೇಳಲಿಲ್ಲ, ಸಾಬೂನು ಹಚ್ಚಿದಿರಾ ಎಂದಷ್ಟೇ ಕೇಳಿದಳು. ಶಿವಲೀಲಾ ಮಾತ್ರ ಬರಲಿಲ್ಲ. ಹಂಪಣ್ಣ ತಮ್ಮ ತೋಟದಲ್ಲೇ ಇದಕ್ಕಿಂತ ದೊಡ್ಡ ಪೂಲು ಕಟ್ಟಿಸುತ್ತಿದ್ದಾರೆಂದು ಸುದ್ದಿಯಿತ್ತು. ಅದರ ಉದ್ಘಾಟನೆಗೆ ಅಯ್ಯನವರು ಬರುವವರಿದ್ದರು, ಹಾಲು ಹೂವು ಸಮೇತ.

ಒಂದು ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಅನುರಾಧಾ ಒಬ್ಬಳೇ ನಡೆಯುತ್ತಿದ್ದಳು. ಆಳದ ಕಡೆಯ ಮೂಲೆಯಲ್ಲಿ ನೀರಿನ ಅಂಚಿಗೆ ಜಿಡ್ಡಿನ ಒಂದು ಗೆರೆ ಕಟ್ಟಿತ್ತು. ಬ್ರಶ್ಶಿನ ಕೋಲಿಗೆ ಎಟುಕದ ಜಾಗ. ಸೂಗಮ್ಮ ದಡದಿಂದ ಬಗ್ಗಿ ನೋಡಿದಳು, ಇನ್ನಷ್ಟು ಬಗ್ಗಿದಳು, ಆಮೇಲೆ ಸಿಟ್ಟಿನಿಂದ ಬಚ್ಚಲಿಗೆ ಹೋಗಿ ಸಾಬೂನು ಹಚ್ಚಿ ಮಿಂದು, ಹಳೆಯ ನೈಲಾನ್ ಸೀರೆಯನ್ನು ಕಚ್ಚೆ ಹಾಕಿ, ತೆಂಗಿನ ನಾರು ಹಿಡಿದು ಮೆಟ್ಟಿಲಿಳಿದಳು. ತುಂಬಿದ ನೀರಿಗೆ ಅವಳು ಇಳಿದದ್ದು ಅದೇ ಮೊದಲು.

“ಅಕ್ಕೋರೆ! ಅಲ್ಲಿ ಆಳ ಅದ. ಕಂಬಿ ಬಿಡಬ್ಯಾಡ್ರಿ.”

“ಹಂಗಾರ ನೀ ಬಾ, ನನ್ನ ಹಿಡಕೋ. ಒಂದ ಕೈಲಿ ಹೆಂಗ ಉಜ್ಜಬೇಕು ನಾನು?”

ಅನುರಾಧಾ ಬಂದು ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಅವಳ ಸೊಂಟ ಹಿಡಿದಳು. ಸೂಗಮ್ಮ ಎರಡೂ ಕೈ ಹಾಕಿ ಗೆರೆ ಉಜ್ಜಿದಳು. ಉಜ್ಜಿ ಮುಗಿದ ಮೇಲೂ ಹತ್ತಲಿಲ್ಲ. ಕಾಲು ತಳದಿಂದ ತಾನೇ ಮೇಲೆದ್ದು ಸೆರಗು ಗಾಳಿ ತುಂಬಿದ ಕೊಡೆಯಂತೆ ಉಬ್ಬಿತು.

“ತೇಲಾಕತ್ತೀರಿ ನೋಡ್ರಿ,” ಎಂದಳು ಅನುರಾಧಾ.

“ಸುಮ್ಮನಿರು. ಆ ಕಡಿ ಮೂಲ್ಯಾಗೂ ಗೆರಿ ಅದ,” ಎಂದಳು ಸೂಗಮ್ಮ. ಆ ಕಡೆಯ ಮೂಲೆಯಲ್ಲಿ ಗೆರೆ ಇರಲಿಲ್ಲ. ಇಬ್ಬರೂ ಅತ್ತ ಹೊರಟರು.